ಬಲಗೈಯ ಅಳತೆ

ಕಾರಿನ ಸ್ಟೀರಿಂಗ್ ಚಕ್ರವನ್ನು ಐದು ನಿಮಿಷ ನನ್ನ ಕೈಗೆ ಕೊಡಿ, ಅದರ ಯಜಮಾನನ ಗುಣವನ್ನೆಲ್ಲ ಹೇಳಿಬಿಡುತ್ತೇನೆ ಎಂದು ನಾನು ಜಂಬ ಕೊಚ್ಚಿಕೊಳ್ಳುವುದುಂಟು. ಕೆಳಭಾಗದಲ್ಲಿ ಉಗುರಿನ ಗೀರುಗಳಿದ್ದರೆ ಆತ ಸಿಗ್ನಲ್ಲಿನಲ್ಲಿ ಚಡಪಡಿಸುವವನು. ಹೊಲಿಗೆಯ ಸಂದಿಯಲ್ಲಿ ಜಿಡ್ಡಿದ್ದರೆ ಓಡಿಸುತ್ತಲೇ ತಿನ್ನುವವನು. ಉಂಗುರ ತೊಟ್ಟವರು, ಕೈಗೆ ಕ್ರೀಮು ಬಳಿಯುವವರು, ಲಾರಿ ಕಂಡರೆ ಜೀವ ಬಾಯಿಗೆ ಬರುವವರು, ಎಲ್ಲರೂ ಚರ್ಮದ ಮೇಲೆ ಗುರುತು ಬಿಟ್ಟೇ ಕಳಿಸುತ್ತಾರೆ. ಮೂವತ್ತಾರು ವರ್ಷದಿಂದ ನನಗೆ ಇದೇ ಕೆಲಸ. ಚರ್ಮದ ಸ್ಟೀರಿಂಗ್ ಶುಚಿ ಮಾಡುವುದು, ಬಿರಿದಿದ್ದರೆ ತುಂಬುವುದು, ಸವೆದಿದ್ದರೆ ಹೊಸ ಚರ್ಮ ಹೊಲಿಯುವುದು.

ಅಂಗಡಿ ಒಂದು ಗ್ಯಾರೇಜಿನ ಹಿಂಭಾಗದ ಕೋಣೆ. ಒಳಗೆ ಎರಡು ಸ್ಟೂಲುಗಳಿವೆ. ಒಂದರ ಮೇಲೆ ನಾನು ಕೂರುತ್ತೇನೆ, ಇನ್ನೊಂದರ ಮೇಲೆ ಚರ್ಮದ ತುಂಡುಗಳನ್ನು ಪೇರಿಸಿದ್ದೇನೆ. ಗಿರಾಕಿಗಳು ಹೊಸ್ತಿಲ ಆಚೆಯೇ ನಿಂತು ಕೀಲಿ ಕೊಟ್ಟು ಹೋಗುತ್ತಾರೆ. ಹೀಗಾಗಿ ಕೆಲಸ ಮುಗಿದ ಮೇಲೆ ಚಕ್ರಕ್ಕೆ ಒಂದು ಚೀಟಿ ಕಟ್ಟುವುದು ನನ್ನ ಚಾಳಿ. ‘ತಿಂದ ಕೈ ಒರೆಸಿಕೊ.’ ‘ಸಿಗ್ನಲ್ಲಿಗೆ ನಿನ್ನ ಮೇಲೆ ಹಗೆಯಿಲ್ಲ.’ ಕೆಲವರು ಮುಖ ಸಿಂಡರಿಸುತ್ತಾರೆ, ಕೆಲವರು ಜೇಬಿಗೆ ಹಾಕಿಕೊಳ್ಳುತ್ತಾರೆ. ಎಷ್ಟೋ ದಿನ ನಾನು ಇನ್ನೊಬ್ಬರಿಗೆ ಆಡುವ ಮಾತು ಅಷ್ಟೇ. ಒಂಟಿತನ ಅಭ್ಯಾಸವಾಗುತ್ತದೆ ಎನ್ನುವವರು ಅದನ್ನು ಸರಿಯಾಗಿ ಅನುಭವಿಸಿಲ್ಲ.

ಮೊನ್ನೆ ಬೆಳಿಗ್ಗೆ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗಿ ಬೂದು ಬಣ್ಣದ ಕಾರು ತಂದು ನಿಲ್ಲಿಸಿದಳು. ನಿಲ್ಲಿಸುವುದರಲ್ಲಿ ಕಾರು ಮೂರು ಸಲ ಮುಗ್ಗರಿಸಿತು.

“ನನಗೆ ಇದು ಓಡ್ಸಿ ಅಭ್ಯಾಸ ಇಲ್ಲ, ಅಪ್ಪಂದು,” ಎಂದಳು. “ಸ್ಟೀರಿಂಗ್ ಜಾರ್ತಾ ಇದೆ. ಚೆಂದ ಕಾಣ್ಲಿ ಅಂತ ನಾನೇ ಹೊಳೆಯೋ ಪಾಲಿಶ್ ಬಳಿದ್ಬಿಟ್ಟೆ.”

“ಬಾಣಲೆಗೆ ಎಣ್ಣೆ ಬಳಿದ ಹಾಗೆ. ಹೊಳಪಿಗೂ ಶುಚಿಗೂ ಸಂಬಂಧ ಇಲ್ಲಮ್ಮ. ಶುಚಿಯಾದ ಚರ್ಮ ಮಂಕಾಗೇ ಇರತ್ತೆ.”

“ಬೇರೆ ಎಲ್ಲೂ ಕೊಡ್ಬೇಡ, ಇಲ್ಲಿಗೇ ಕೊಡು ಅಂದ್ರು ಅಪ್ಪ.” ಅವಳು ನನ್ನನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. “ಸಂಜೆ ಬರ್ತೀನಿ.”

ಅವಳು ಹೋದ ಮೇಲೆ ಕೀಲಿಯನ್ನು ಮೊಳೆಗೆ ನೇತುಹಾಕಲು ಹೋದವನು ಹಾಗೇ ನಿಂತುಬಿಟ್ಟೆ. ಅದಕ್ಕೆ ಕಟ್ಟಿದ್ದ ಚರ್ಮದ ಪಟ್ಟಿ ನಾನು ಹದಿನಾಲ್ಕನೇ ವಯಸ್ಸಿನಲ್ಲಿ ಹೊಲಿದದ್ದು, ನನ್ನ ಮೊದಲ ಹೊಲಿಗೆ. ಆರನೇ ಹೊಲಿಗೆ ಸೊಟ್ಟಗಿದೆ. “ಕುಂಟತ್ತೆ, ಆದ್ರೂ ನಡೆಯತ್ತೆ ಬಿಡೋ” ಎಂದು ನಕ್ಕು ಅದನ್ನು ಅಂದೇ ತನ್ನ ಕೀಲಿಗೆ ಕಟ್ಟಿಕೊಂಡವನು ನನ್ನ ಅಣ್ಣ.

ಈ ಅಂಗಡಿ ನಮ್ಮಿಬ್ಬರದೂ ಆಗಿತ್ತು. ಎರಡನೇ ಸ್ಟೂಲು ಅವನದು. ಕೆಲಸ ಕಲಿಸಿದವನು ಅವನು, ಕಾರು ಓಡಿಸಲು ಕಲಿಸಿದವನೂ ಅವನೇ. ಒಂದು ಕೈ ಚಕ್ರ ಬಿಟ್ಟರೆ ಸಾಕು, ಮೊಣಕೈಗೆ ಏಟು ಬೀಳುತ್ತಿತ್ತು. “ಎರಡೂ ಕೈ!” ಹನ್ನೊಂದು ವರ್ಷದ ಹಿಂದೆ ಅವನಿಗೆ ಹೊಸ ಬುದ್ಧಿ ಬಂತು. ಹೊಲಿಗೆಗೆ ಕಾಲವಿಲ್ಲ, ಕಾರ್ಖಾನೆಯಲ್ಲಿ ಮಾಡಿದ ಸಿದ್ಧ ಕವರು ತಂದು ಮಾರೋಣ ಎಂದ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಗಿರಾಕಿಗಳ ಎದುರೇ, “ಕೈಕೆಲಸ ಬಿಟ್ಟವನು ನನ್ನ ಅಣ್ಣನೇ ಅಲ್ಲ” ಎಂದುಬಿಟ್ಟೆ. ಅವನು ಕೈ ತೊಳೆದುಕೊಂಡು ಹೋದ, ಊರಿನ ಆ ತುದಿಯಲ್ಲಿ ಕವರಿನ ಅಂಗಡಿ ಹಾಕಿದ. ಅವನ ಸುದ್ದಿ ನನ್ನ ಮುಂದೆ ಎತ್ತಬೇಡಿ ಎಂದು ಎಲ್ಲರ ಬಾಯಿ ಮುಚ್ಚಿಸಿದೆ. ಜನ ಬೇರೆ ವಿಷಯದಲ್ಲಿ ನನ್ನ ಮಾತು ಕೇಳುವುದಿಲ್ಲ, ಇದೊಂದನ್ನು ಚಾಚೂ ತಪ್ಪದೆ ಪಾಲಿಸಿದರು.

ಹಾಗಾದರೆ ಆ ಹುಡುಗಿ ಅವನ ಮಗಳು. ಕೊನೆಯ ಸಲ ನೋಡಿದಾಗ ಅವಳಿಗೆ ಒಂಬತ್ತು ವರ್ಷ, ಚರ್ಮದ ಚೂರುಗಳಿಂದ ಗೊಂಬೆಗೆ ಚಪ್ಪಲಿ ಮಾಡುತ್ತಿದ್ದಳು.

ಕಾರಿನೊಳಗೆ ಕೂತೆ. ಚಕ್ರದ ಮೇಲೆ ಕಣ್ಣಾಡಿಸಿದ್ದೇ ತಡ, ಹಳೆಯ ಸಿಟ್ಟು ಮತ್ತೆ ಎದ್ದಿತು. ಬಲಭಾಗದ ಚರ್ಮ ಸವೆದು ನುಣ್ಣಗಾಗಿದೆ. ಚಕ್ರದ ನೆತ್ತಿಯ ತನಕ ಅಂಗೈ ಉಜ್ಜಿದ ಗುರುತಿದೆ. ಎಡಭಾಗ ಮಾತ್ರ ಅಂಗಡಿಯಿಂದ ಈಗ ತಂದ ಹಾಗಿದೆ, ಹೊಲಿಗೆಯ ಸಾಲಿನಲ್ಲಿ ಧೂಳು ಕೂತಿದೆ. ಒಂದೇ ಕೈಯಲ್ಲಿ ಓಡಿಸುತ್ತಾನೆ! ಇನ್ನೊಂದು ಕೈ ಪಕ್ಕದ ಸೀಟಿನ ಮೇಲೋ ತೊಡೆಯ ಮೇಲೋ ಮಹಾರಾಜನ ಹಾಗೆ ಇರಬೇಕು. ಮೇಲಾಗಿ ಗೇರು ಬದಲಿಸುವ ಗೋಜಿಲ್ಲದ ಕಾರು. ಕವರು ಮಾರಿ ಕೊಬ್ಬು ಬಂದಿದೆ ಎಂದುಕೊಂಡೆ.

ಆದರೂ ಕೆಲಸದಲ್ಲಿ ಕಳ್ಳತನ ಮಾಡಲಿಲ್ಲ. ಒದ್ದೆ ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ ಮೊದಲು ಧೂಳು ತೆಗೆದೆ. ಚರ್ಮದ ಸೋಪನ್ನು ಕೈಯಲ್ಲೇ ನೊರೆ ಮಾಡಿ, ಆ ನೊರೆಯನ್ನಷ್ಟೇ ಮೆತ್ತನೆಯ ಬ್ರಷ್ಷಿಗೆ ತೆಗೆದುಕೊಂಡು ಒಂದೊಂದು ಗೇಣಾಗಿ ತಿಕ್ಕಿದೆ. ಪಾಲಿಶ್ ಬಿಡಲು ಮೂರು ಸಲ ಬೇಕಾಯಿತು. ಪ್ರತಿ ಸಲವೂ ಬಟ್ಟೆ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಅದರಲ್ಲಿ ಅಣ್ಣನ ಕೈಬೆವರೂ ಇತ್ತು. ಹನ್ನೊಂದು ವರ್ಷದಲ್ಲಿ ನಾನು ಅವನಿಗೆ ಅಷ್ಟು ಹತ್ತಿರ ಹೋದದ್ದು ಅದೇ ಮೊದಲು. ಬಟ್ಟೆಯನ್ನು ಬಕೆಟ್ಟಿಗೆ ಹಾಕಲು ಮನಸ್ಸಾಗದೆ ಸುಮ್ಮನೆ ಹಿಡಿದುಕೊಂಡು ಕೂತೆ. ಆಮೇಲೆ ನನ್ನ ಮೇಲೇ ರೇಗಿ ಎದ್ದೆ. ಬಾಗಿಲು ತೆರೆದಿಟ್ಟು ನೆರಳಲ್ಲೇ ಒಣಗಿಸಿ, ಚರ್ಮ ಮೆತ್ತಗಿಡುವ ಕಂಡೀಷನರನ್ನು ತೆಳ್ಳಗೆ ಸವರಿ, ಕಾಲು ಗಂಟೆ ಬಿಟ್ಟು ಒಣ ಬಟ್ಟೆಯಲ್ಲಿ ಉಜ್ಜಿದೆ. ಚಕ್ರ ಮಂಕಾಗಿ, ಕೈಗೆ ಹತ್ತುವಂತೆ ಕೂತಿತು.

ಚೀಟಿ ಬರೆಯಲು ಒಂದು ನಿಮಿಷವೂ ಹಿಡಿಯಲಿಲ್ಲ. ‘ಎರಡೂ ಕೈ! ಕಲಿಸಿದವನೇ ಮರೆತರೆ ಹೇಗೆ? ಈ ವಯಸ್ಸಿಗೆ ಶೋಕಿ ಸಾಕು.’ ಬರೆದು ಚಕ್ರಕ್ಕೆ ಕಟ್ಟಿ, ಒಳ್ಳೆಯ ಏಟು ಕೊಟ್ಟೆ ಎಂದು ಬೀಗಿದೆ.

ಸಂಜೆ ಹುಡುಗಿ ಬಂದವಳು ಮೊದಲು ಚೀಟಿಯನ್ನೇ ಬಿಚ್ಚಿದಳು. ಓದಿದಳು. ಅವಳ ಮುಖ ಇಳಿದುಹೋಯಿತು.

“ಚಿಕ್ಕಪ್ಪ,” ಎಂದಳು. ಆ ಪದ ಕೇಳಿ ಎಷ್ಟು ಕಾಲವಾಗಿತ್ತೋ. “ನಿಮಗೆ ಗೊತ್ತಿಲ್ವಾ? ಅಪ್ಪಂಗೆ ಸ್ಟ್ರೋಕ್ ಆಗಿ ಮೂರು ವರ್ಷ ಆಯ್ತು. ಎಡಗೈ ಬರಲ್ಲ. ಒಂದೇ ಕೈಯಲ್ಲಿ ಓಡ್ಸೋಕೆ ಸುಲಭ ಅಂತ ಈ ಕಾರು ತಗೊಂಡಿದ್ದು.”

ಸ್ಟೂಲು ಹುಡುಕಿ ಕೂತೆ. ಚಕ್ರ ಎಲ್ಲವನ್ನೂ ಹೇಳಿತ್ತು, ಓದಿದವನು ಅಯೋಗ್ಯ. ಮೂರು ವರ್ಷ ಅವನು ಹಾಗೆ ಬದುಕಿದ್ದಾನೆ, ನಾನು ಇಲ್ಲಿ ಊರವರ ಉಗುರಿನ ಗುಣ ಲೆಕ್ಕ ಹಾಕುತ್ತಿದ್ದೆ. ನಾಚಿಕೆಯಾಯಿತು.

“ಆ ಚೀಟಿ ಕೊಡು,” ಎಂದೆ.

“ಅಪ್ಪಂಗೆ ಏನಂತ ಹೇಳ್ಲಿ? ನೀವು ಎಲ್ಲರಿಗೂ ಚೀಟಿ ಬರೀತೀರಂತ ಯಾರೋ ಅವರಿಗೆ ಹೇಳಿದ್ರು. ಪಾಲಿಶ್ ತೆಗೆಯೋಕೆ ಅವರ ಅಂಗಡೀಲೇ ಜನ ಇದ್ದಾರೆ, ಆದ್ರೂ ಇಲ್ಲಿಗೇ ಕಳಿಸಿದ್ರು. ಬೆಳಿಗ್ಗೆ ಹೊರಡೋವಾಗ ಎರಡು ಸಲ ಹೇಳಿದ್ರು, ಚೀಟಿ ಬಿದ್ದುಹೋಗ್ದೆ ಇರೋ ಹಾಗೆ ನೋಡ್ಕೋ ಅಂತ.”

ಹಳೆಯ ಚೀಟಿಯನ್ನು ಹರಿದು ಹೊಸ ಕಾಗದ ತೆಗೆದೆ. ಮೂರು ಸಲ ಪೆನ್ನು ಊರಿದೆ. ತಪ್ಪಾಯಿತು ಎಂದು ಬರೆಯಬೇಕಿತ್ತು, ಬಾ ಎಂದಾದರೂ ಬರೆಯಬೇಕಿತ್ತು. ಎರಡಕ್ಕೂ ಕೈ ಏಳಲಿಲ್ಲ. ಹನ್ನೊಂದು ವರ್ಷ ಬಿಗಿಹಿಡಿದ ಬಿಂಕ ಅಷ್ಟು ಬೇಗ ಸಡಿಲವಾಗುವುದಿಲ್ಲ. ಕೊನೆಗೆ ಕೆಲಸದ ಮಾತನ್ನೇ ಬರೆದೆ. ‘ಒಂದೇ ಕೈಯಲ್ಲಿ ತಿರುಗಿಸಲು ಅನುಕೂಲವಾಗುವಂತೆ ಬಲಗಡೆ ಚರ್ಮದ ಹಿಡಿ ಹೊಲಿದು ಕೊಡುತ್ತೇನೆ. ಬಲಗೈಯನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು ಅಳತೆ ಕಳಿಸು.’

ಹುಡುಗಿ ಅದನ್ನು ಓದಿ, ಮಡಿಸಿ ಜೋಪಾನವಾಗಿ ಚೀಲದೊಳಗಿಟ್ಟುಕೊಂಡು ಕಾರು ಹತ್ತಿದಳು.

ಮರುದಿನ ಬೆಳಿಗ್ಗೆ ಬೇಗನೆ ಅಂಗಡಿ ತೆರೆದೆ. ಎರಡನೇ ಸ್ಟೂಲಿನ ಮೇಲಿದ್ದ ಚರ್ಮವನ್ನೆಲ್ಲ ಕೆಳಗಿಟ್ಟೆ, ಧೂಳು ಒರೆಸಿದೆ. ಯಾರೂ ಬರುವುದಿಲ್ಲ, ನಿನಗೇಕೆ ಈ ಹುಚ್ಚು ಎಂದು ಬೈದುಕೊಂಡು ಚರ್ಮವನ್ನು ಮತ್ತೆ ಪೇರಿಸಿದೆ. ಹಿಡಿಗೆ ಒಳ್ಳೆಯ ತುಂಡೊಂದನ್ನು ಆರಿಸಿ ನೀರಲ್ಲಿ ನೆನೆಹಾಕಿದೆ. ಹೊರಗೆ ಕಾರು ನಿಂತ ಸದ್ದು ಕೇಳಿದಾಗಲೆಲ್ಲ ಕತ್ತು ಉದ್ದ ಮಾಡಿದೆ. ಐದು ಕಾರು ಬಂದವು, ಐದೂ ಗ್ಯಾರೇಜಿನವನಿಗೆ.

ಹನ್ನೊಂದು ಗಂಟೆಗೆ ಬೂದು ಕಾರು ಬಂತು. ಹುಡುಗಿ ಒಬ್ಬಳೇ ಇದ್ದಳು. ನಾಲ್ಕಾಗಿ ಮಡಿಸಿದ ಕಾಗದ ಕೊಟ್ಟು, ಹೊಸ್ತಿಲು ದಾಟಿ ಒಳಗೆ ಬಂದು ನಿಂತಳು.

ಬಿಚ್ಚಿ ನೋಡಿದೆ. ದಪ್ಪ ಪೆನ್ಸಿಲಿನ ಗೆರೆಯಲ್ಲಿ ಒಂದು ಕೈ. ಬೆರಳುಗಳು ಪೂರ್ತಿ ಬಿಚ್ಚಿಕೊಂಡಿರಲಿಲ್ಲ. ಅದು ಎಡಗೈ.

“ಕತ್ತೆ ಬಡವ!” ಎಂದೆ, ಹುಡುಗಿಯ ಎದುರೇ. “ಬಲಗೈ ಅಂತ ಬರೆದ್ರೆ ಎಡಗೈ ಕಳಿಸಿದಾನೆ. ಇದನ್ನಿಟ್ಕೊಂಡು ನಾನೇನು ಹೊಲೀಲಿ?”

“ಕೆಳಗಡೆ ಓದಿ, ಚಿಕ್ಕಪ್ಪ.”

ಮಡಿಕೆಯ ಕೆಳಗೆ ಅವನ ಅಕ್ಷರ ಇತ್ತು. ‘ಪೆನ್ಸಿಲು ಹಿಡಿಯುವುದು ಬಲಗೈ. ಅದರಿಂದ ಎಡಗೈಯ ಗೆರೆ ಮಾತ್ರ ಎಳೆಯಬಹುದು. ಬಲಗೈಯ ಅಳತೆ ತೆಗೆಯಲು ಇನ್ನೊಬ್ಬನ ಕೈ ಬೇಕು. ಬಾ.’

ಹುಡುಗಿ ನೆಲ ನೋಡುತ್ತಾ, “ನಾನು ಗೆರೆ ಎಳ್ಕೊಡ್ತೀನಿ ಅಂದೆ,” ಎಂದಳು. “ಅಮ್ಮಾನೂ ಅಂದ್ಲು. ಇಬ್ಬರಿಗೂ ಬೈದ್ರು. ನಿಮಗೆಲ್ಲ ಗೆರೆ ನೆಟ್ಟಗೆ ಎಳೆಯೋಕೆ ಬರಲ್ಲ, ಸುಮ್ನಿರಿ ಅಂದ್ರು.”

ಒಂದೇ ಅಕ್ಷರದ ಆ ಮಾತನ್ನು ಬರೆಯಲು ನನ್ನಿಂದ ಆಗಿರಲಿಲ್ಲ, ಅವನಿಂದ ಆಗಿತ್ತು. ಕಾಗದವನ್ನು ಮೇಜಿನ ಮೇಲೆ ಹರಡಿ ಆ ಕೈಯ ಮೇಲೆ ನನ್ನ ಕೈ ಇಟ್ಟೆ. ಕಣ್ಣು ತುಂಬಿತು, ಒರೆಸಿಕೊಳ್ಳಲು ಸಿಕ್ಕಿದ್ದು ಹಿಂದಿನ ದಿನದ ಅದೇ ಕಂದು ಬಟ್ಟೆ.

ನೆನೆದ ಚರ್ಮವನ್ನು ಹಿಂಡಿ ಚೀಲಕ್ಕೆ ಹಾಕಿಕೊಂಡೆ. ದಬ್ಬಳ, ಮೇಣದ ದಾರ, ಕತ್ತರಿಯನ್ನೂ ಇಟ್ಟುಕೊಂಡೆ. ಹಗಲು ಹನ್ನೊಂದಕ್ಕೆ ಬಾಗಿಲು ಎಳೆಯುವುದನ್ನು ಕಂಡು ಗ್ಯಾರೇಜಿನವನು, “ಏನು, ಸೂರ್ಯ ಯಾವ ಕಡೆ ಹುಟ್ಟಿದಾನೆ?” ಎಂದ.

ಹುಡುಗಿ ಕೀಲಿ ನನ್ನ ಕಡೆ ಚಾಚಿದಳು. ನಾನು ಓಡಿಸುವ ಜಾಗದಲ್ಲಿ ಕೂತೆ. ಅಭ್ಯಾಸದಂತೆ ಎಡಗೈ ಚಕ್ರದ ಎಡಭಾಗಕ್ಕೆ, ಮೂರು ವರ್ಷದಿಂದ ಅಣ್ಣ ಹಿಡಿಯದ ಹೊಸ ಚರ್ಮದ ಮೇಲೆ ಹೋಗಿ ಕೂತಿತು.

“ಪೆನ್ಸಿಲ್ ತಗೊಂಡ್ರಾ?” ಎಂದು ಹುಡುಗಿ ಕೇಳಿದಳು.

ಮರೆತಿದ್ದೆ. ಇಳಿದು ಹೋಗಿ ತಂದೆ.