ಮೂಗಿನ ಹೊಳ್ಳೆಗೆ ಒಂದು ಉಸಿರು

ಮಾಗಿಯ ಮಂಜು ಕೊಟ್ಟಿಗೆಯ ಬಾಗಿಲವರೆಗೆ ಬಂದು ನಿಂತಿದೆ, ನನ್ನ ಗಂಡನೆನ್ನಿಸಿಕೊಂಡ ಇವರೂ ಪುಸ್ತಕ ಹಿಡಿದು ಅಲ್ಲೇ ನಿಂತಿದ್ದಾರೆ, ಒಳಗೆ ಬರುವುದು ಇಬ್ಬರಿಗೂ ಬೇಡ — ನನ್ನ ಕೈ ಮೊಣಕೈವರೆಗೆ ಹಸುವಿನೊಳಗಿದೆ, ಒಂದು ಗೊರಸು ಸಿಕ್ಕಿತು, ಇನ್ನೊಂದು ಕಾಲು ಮಡಚಿಕೊಂಡಿದೆ, ದನದ ಡಾಕ್ಟರು ಬರುವಷ್ಟರಲ್ಲಿ ಎರಡೂ ಜೀವ ಹೋಗುತ್ತವೆ, ರೀ, ಹಗ್ಗ ಹಿಡೀರಿ, ಬಂದೆ ಕಣೇ, ಇದೊಂದು ಕೇಳು, ಹೀಬ್ರೂ ಗ್ರಂಥದಲ್ಲಿ ದೇವರು ಬಾಯಿಬಿಟ್ಟು ಹೇಳಿದ, ಬೆಳಕಾಯ್ತು, ನಮ್ಮ ವೇದ ನೋಡು, ಸೃಷ್ಟಿ ಹೇಗಾಯ್ತೋ ಮೇಲಿರೋನಿಗೂ ಗೊತ್ತಿಲ್ಲದೆ ಇರಬಹುದು ಅನ್ನುತ್ತೆ, ಎಂಥ ಧೈರ್ಯ! ಧೈರ್ಯ ಅಂತೆ. ಗೊತ್ತಿಲ್ಲದವನು ಮೇಲೆ ಯಾಕಿರಬೇಕು, ಬಾಗಿಲಲ್ಲೇ ಇದ್ದಾನೆ, ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು. ಮದುವೆಯಾದಂದಿನಿಂದ ಈ ಹೋಲಿಕೆ ಮುಗಿದಿಲ್ಲ, ಆ ಹೀಬ್ರೂ ಜನರದು ಮೂರ್ತಿ ಬೇಡವೆನ್ನುವ ಪೂಜೆ, ನಮ್ಮದು ಕಂಡ ರೂಪಕ್ಕೆಲ್ಲ ಕೈಮುಗಿಯುವ ಪೂಜೆ, ಯಾವುದು ದೊಡ್ಡದು ಹೇಳು ಎಂದು ತಟ್ಟೆಯ ಮುಂದೆ ಕೂತು ಕೇಳುತ್ತಾರೆ, ಬೇಕಾದದ್ದು ನನ್ನ ಉತ್ತರವಲ್ಲ, ಬರೀ ಒಂದು ಹೂಂ. ಆ ದೇವರಾದರೂ ಆರು ದಿನ ದುಡಿದು ಏಳನೆಯ ದಿನ ಕೂತನಂತೆ, ಇವರು ಮೊದಲ ದಿನವೇ ಕೂತವರು — ಬಂತು, ಮಡಚಿದ ಕಾಲು ನೆಟ್ಟಗಾಯಿತು, ತಿಣುಕು ತಾಯಿ, ತಿಣುಕು, ಎಳೆದೆ, ಹುಲ್ಲಿನ ಮೇಲೆ ದೊಪ್ಪನೆ ಬಿತ್ತು, ಹೆಣ್ಣುಗರು, ಉಸಿರಿಲ್ಲ. ಈಗ ಬಂದು ಬಗ್ಗಿದರು, ಆ ಗ್ರಂಥದಲ್ಲಿ ಮಣ್ಣಿನ ಮನುಷ್ಯನ ಮೂಗಿಗೆ ದೇವರೇ ಉಸಿರು ಊದಿದ ಕಣೇ, ಹಾಗಾದ್ರೆ ಊದ್ರಿ, ಮೂಗು ಇಲ್ಲೇ ಇದೆ, ಲೋಳೆ ಇದೆಯಲ್ಲೇ, ಇದೆ, ಅದರೊಳಗಿಂದಲೇ ಎಲ್ಲರೂ ಬಂದದ್ದು, ನೀವೂ! ಲೋಳೆ ಸೀಟಿ, ಕರುವಿನ ಬಾಯಿ ಮುಚ್ಚಿ ಹಿಡಿದು ನಾನೇ ಊದಿದೆ, ಉಪ್ಪುಪ್ಪು, ಬಿಸಿ, ಮತ್ತೆ ಊದಿದೆ, ಸೀನಿತು, ಕಿವಿ ಒದರಿತು, ಹಸು ತಿರುಗಿ ನೆಕ್ಕತೊಡಗಿತು. ನೋಡಿದೆಯಾ, ಪ್ರಾಣ ಅಂದ್ರೆ ಉಸಿರೇ, ಎರಡೂ ಕಡೆ ಒಂದೇ, ಇದನ್ನ ಬರೀಬೇಕು, ಎಂದು ಎದ್ದರು, ಆಗ ಕಂಡಿತು, ಓದಿದ ಪುಟ ತಪ್ಪದಂತೆ ಪುಸ್ತಕದೊಳಗೆ ಇಟ್ಟುಕೊಂಡ ಬೆರಳು — ಆವತ್ತೂ ಹಾಗೇ, ನನ್ನ ಮಗಳು ಅಳದೆ ಹುಟ್ಟಿದ ದಿನ, ಮಗೂನ ಹಿಡೀರಿ, ನಾನು ಊದ್ತೀನಿ ಎಂದು ಸೂಲಗಿತ್ತಿ ಕೂಗಿಕೊಂಡರೆ ಇವರು ಕೈ ಚಾಚಿದರು, ಒಂದೇ ಕೈ, ಇನ್ನೊಂದರಲ್ಲಿ ಪುಸ್ತಕ, ಪುಸ್ತಕದಲ್ಲಿ ಬೆರಳು, ಮಗು ಉಸಿರಾಡಲೇ ಇಲ್ಲ, ಆ ಉಸಿರು ಇವರಿಂದ ನನಗೆ ಬರಬೇಕಾದ ಸಾಲ, ಬಂದಿಲ್ಲ, ಬರುವುದೂ ಇಲ್ಲ, ಕರು ಏಳಲು ನೋಡುತ್ತಿದೆ, ಬೆರಳು, ಲೋಳೆ ತಾಗದ ಚೊಕ್ಕ ಬೆರಳು, ಪುಟಗಳ ನಡುವೆ, ಆ ಬೆರಳು