ತೊಟ್ಟಿಗೆ ಅಡ್ಡ ನಿಂತ ವೇಲಿಕಾ

ಬೆಳಿಗ್ಗೆ ನೀರು ಕುಡಿದು ಬಂದ ಹಸು ಶಾರ್ಕಾ ಮಧ್ಯಾಹ್ನ ಮೇವು ಮುಟ್ಟಲಿಲ್ಲ. ವೇಲಿಕಾ ಕೊಟ್ಟಿಗೆಗೆ ಹೋಗಿ ನೋಡಿದರೆ ಶಾರ್ಕಾಳ ಬಾಯಿಂದ ಹಗ್ಗದ ಹಾಗೆ ಜೊಲ್ಲು ಇಳಿಯುತ್ತಿತ್ತು. ಗಡಿಯಾಚೆ ಜೊಲ್ಲಿನಿಂದಲೇ ಹರಡುವ ಕಾಲುಬಾಯಿ ಬೇನೆ ಎದ್ದು ದನಗಳನ್ನೆಲ್ಲ ಕೊಂದು ಹೂತ ಸುದ್ದಿ ರೊಡೋಪಿ ಬೆಟ್ಟದ ಈ ಊರಿಗೂ ಬಂದಿತ್ತು.

ದನದ ಡಾಕ್ಟರ್ ಝೆಲೆವಾಗೆ ಫೋನ್ ಮಾಡಿದಳು. "ಬರೋದು ಸಂಜೆಯಾಗುತ್ತೆ. ಹಸೂನ ಹೊರಗೆ ಬಿಡಬೇಡಿ," ಅಂದರು ಅವರು.

ಹಸುವನ್ನೇನೋ ಕಟ್ಟಿಹಾಕಬಹುದು. ಅದು ಬೆಳಿಗ್ಗೆ ಮೂತಿಯಿಟ್ಟ ಊರ ಬುಗ್ಗೆಯ ತೊಟ್ಟಿಗೇನು ಮಾಡುವುದು? ಹೊಸದಾಗಿ ಕರು ಹಾಕಿದ್ದ ಶಾರ್ಕಾ ಮಂದೆಗೆ ಹೋಗುತ್ತಿರಲಿಲ್ಲ. ಮಂದೆ ಬೆಟ್ಟಕ್ಕೆ ಹೋದ ಮೇಲೆ ವೇಲಿಕಾ ಅದಕ್ಕೆ ನೀರು ಕುಡಿಸಿದ್ದಳು. ಇನ್ನು ಸ್ವಲ್ಪ ಹೊತ್ತಿಗೆ ಊರಿನ ದನವೆಲ್ಲ ಬಾಯಾರಿಕೊಂಡು ಅಲ್ಲಿಗೇ ಬರುತ್ತವೆ. ಆ ಬುಗ್ಗೆಗೆ ಕಲ್ಲು ಕಟ್ಟಿಸಿ, ಮೇಲೆ ಜನರಿಗೆ ಕೊಳವೆ, ಕೆಳಗೆ ದನಗಳಿಗೆ ತೊಟ್ಟಿ ಮಾಡಿಸಿದ್ದು ಅವಳ ಗಂಡನ ಮನೆಯವರೇ, ಸತ್ತ ಮಾವನ ನೆನಪಿಗೆ.

ಬಾಯಿಬಿಟ್ಟರೆ ನಾಳೆಯಿಂದ ಅವಳ ಮನೆಯ ಹಾಲನ್ನು ಯಾರೂ ಮೂಸುವುದಿಲ್ಲ. ಬೇನೆ ಅಲ್ಲದಿದ್ದರೆ? ಸುಮ್ಮನಿದ್ದುಬಿಟ್ಟರೆ? ಒಳಗೂ ಹೊರಗೂ ಓಡಾಡಿದಳು. ಅಷ್ಟರಲ್ಲಿ ಬೆಟ್ಟದ ಕಡೆಯಿಂದ ದನಗಳ ಗಂಟೆಯ ಸದ್ದು ಕೇಳಿಸಿತು.

ಬೇನೆ ತನಗಂಟಿಕೊಂಡು ಹೋಗದಿರಲೆಂದು ಬಟ್ಟೆ, ಚಪ್ಪಲಿ ಬದಲಾಯಿಸಿ, ಕೈ ತಿಕ್ಕಿ ತೊಳೆದು, ಓಡಿಹೋಗಿ ತೊಟ್ಟಿಯ ಮುಂದೆ ಕೋಲು ಹಿಡಿದು ನಿಂತಳು.

ಮಂದೆ ಕಾಯುವ ಕಾಲಿನ್ ದೂರದಿಂದಲೇ ನಕ್ಕ. "ಏನಕ್ಕ, ನಿಮ್ಮ ಮಾವ ಸ್ವರ್ಗದಿಂದ ನೀರಿಗೆ ಕಾವಲು ಹಾಕಿದ್ರಾ?"

"ಅಲ್ಲೇ ನಿಲ್ಲೋ! ದನ ಬಿಡಬೇಡ. ನನ್ನ ಶಾರ್ಕಾ ಜೊಲ್ಲು ಸುರಿಸ್ತಾ ಇದೆ. ಬೆಳಿಗ್ಗೆ ಇಲ್ಲೇ ಕುಡಿದಿತ್ತು."

ಕಾಲಿನ್ ಮುಖದ ನಗು ಆರಿಹೋಯಿತು. ನೀರಿನ ವಾಸನೆ ಹಿಡಿದ ದನಗಳು ಒಂದನ್ನೊಂದು ನೂಕುತ್ತಿದ್ದವು. ಅವನು ಬೈಯುತ್ತ, ಸಿಳ್ಳೆ ಹಾಕುತ್ತ, ಮುಂದಿನ ಗಂಟೆಹಸುವಿನ ಕೊಂಬು ಹಿಡಿದು ತಿರುಗಿಸಿದ. ಮಂದೆಯೆಲ್ಲ ಅಂಬಾ ಎನ್ನುತ್ತ ಮತ್ತೆ ಬೆಟ್ಟದ ಹಳ್ಳದತ್ತ ಏರಿತು. ಕಿಟಕಿಗಳಲ್ಲಿ ಮುಖಗಳು ಮೂಡಿದವು. ಯಾರೂ ಹತ್ತಿರ ಬರಲಿಲ್ಲ.

ಸೂರ್ಯ ಮುಳುಗುವ ಮುಂಚೆ ಝೆಲೆವಾ ಬಂದರು. ಶಾರ್ಕಾಳ ನಾಲಗೆಯನ್ನು ಪಕ್ಕಕ್ಕೆಳೆದು ಟಾರ್ಚ್ ಬಿಟ್ಟು ನೋಡಿದರು. ಗೊರಸುಗಳ ಸಂದಿ ನೋಡಿದರು. ಡಾಕ್ಟರು ಬಾಯೊಳಗೆ ಕೈ ಹಾಕಿ ಏನನ್ನೋ ಕಿತ್ತರು. ಹಲ್ಲುಗಳ ನಡುವೆ ಅಂಗುಳಕ್ಕೆ ಅಡ್ಡಲಾಗಿ ಸಿಕ್ಕಿಕೊಂಡಿದ್ದ ಕಡ್ಡಿ!

"ಗುಳ್ಳೆ ಒಂದೂ ಇಲ್ಲ. ಇದೇ ನಿಮ್ಮ ಬೇನೆ," ಅಂದರು.

ವೇಲಿಕಾ ಹುಲ್ಲಿನ ಮೇಲೆ ಕುಸಿದು ಕೂತು ಅತ್ತಳು. ಆಮೇಲೆ ಕಾಲಿನ್‌ಗೆ ಫೋನ್ ಮಾಡಿದಳು.

"ಒಂದು ಕಡ್ಡಿಗೋಸ್ಕರ ಎರಡು ಸಲ ಬೆಟ್ಟ ಹತ್ತಿಸಿದ್ಯಲ್ಲ ತಾಯಿ!" ಮಂದೆಯ ಜೊತೆ ಇಳಿದು ಬಂದ ಕಾಲಿನ್ ಕೊಳವೆಗೆ ಬಾಯೊಡ್ಡಿ ಗಟಗಟನೆ ಕುಡಿದ. ಮೀಸೆ ಒರೆಸಿಕೊಂಡು ಮೆಲ್ಲಗೆ ಅಂದ: "ನಾನಾಗಿದ್ರೆ ಹೇಳ್ತಿದ್ನೋ ಇಲ್ವೋ, ಅಕ್ಕ."

ದನಗಳು ಸಾಲಾಗಿ ತೊಟ್ಟಿಗೆ ಬಾಯಿಟ್ಟವು. ವೇಲಿಕಾ ಮನೆಗೆ ಹೋಗಲಿಲ್ಲ. ಒಂದೊಂದು ಹಸು ತಲೆಯೆತ್ತಿದಾಗಲೂ ಬಗ್ಗಿ ಅದರ ಬಾಯಿ ನೋಡುತ್ತಲೇ ನಿಂತಿದ್ದಳು.