ಹನ್ನೊಂದು ನೇರಳೆ ಗಿಣ್ಣು

ಕಣಕಟ್ಟೆ ಹೊರಗಿನ ರಾಗಿ ಸಂಶೋಧನಾ ತಾಕಿನಲ್ಲಿ ಸಣ್ಣತಾಯಮ್ಮ ಕಳೆ ಕಿತ್ತು ಮುಗಿಸಿದ ಸಾಲಿನಲ್ಲಿ ಇನ್ನೊಬ್ಬರು ಕಳೆ ಹುಡುಕುವುದು ಅವಮಾನದ ಸಂಗತಿಯಾಗಿತ್ತು. ಅವಮಾನ ಯಾರಿಗೆಂದರೆ, ಹುಡುಕಿದವರಿಗೆ. ಕಾಡುರಾಗಿ ಎಂಬ ಕಳೆಯೊಂದಿದೆ; ತೆನೆ ಬರುವ ತನಕ ಅದು ರಾಗಿಯಂತೆಯೇ ನಟಿಸುತ್ತದೆ. ಪದವೀಧರರನ್ನೂ ಏಮಾರಿಸುವ ಆ ಕಳೆ ಸಣ್ಣತಾಯಮ್ಮನ ಕಣ್ಣಿಗೆ ಮಾತ್ರ ಗೇಣುದ್ದ ಬೆಳೆಯುವ ಮೊದಲೇ ಸಿಕ್ಕಿಬೀಳುತ್ತಿತ್ತು. “ದಂಟಿನ ಗಿಣ್ಣು ನೋಡಿದ್ರೆ ಗೊತ್ತಾಯ್ತದೆ ಕಣವ್ವ, ಕಳ್ಳನ ಮೊಕ” ಎಂಬುದು ಆಕೆಯ ವಿವರಣೆ.

ತಾಕಿನ ಹೊಣೆ ಹೊತ್ತ ವಿಜ್ಞಾನಿ ಆಶಾರಾಣಿಗೆ ಬೇರೊಂದು ಗಿಣ್ಣಿನ ಚಿಂತೆ. ಸುತ್ತಲ ಊರುಗಳ ಹಸಿರು ಗಿಣ್ಣಿನ ಹಳೆಯ ರಾಗಿ ಮುದ್ದೆಗೆ ಎತ್ತಿದ ಕೈ, ಹುಲ್ಲೂ ಉದ್ದ. ಆದರೆ ಗಾಳಿ ಬಂದರೆ ಮಲಗುತ್ತದೆ, ಬೆಂಕಿ ರೋಗ ಬಂದರೆ ಏಳುವುದೇ ಇಲ್ಲ. ಇನ್ನೊಂದು, ನೇರಳೆ ಗಿಣ್ಣಿನ ಗಿಡ್ಡ ರಾಗಿ. ಅದು ಗಾಳಿಗೂ ರೋಗಕ್ಕೂ ಜಗ್ಗದು. ಅದರ ಮುದ್ದೆಯನ್ನು ಒಮ್ಮೆ ಉಂಡವರು ಮಾತ್ರ ಮತ್ತೆ ಕೇಳಿದ್ದಿಲ್ಲ. ಇವೆರಡಕ್ಕೂ ಗಂಟು ಹಾಕಿ, ಒಂದರ ರುಚಿ ಇನ್ನೊಂದರ ಗಟ್ಟಿತನ ಸೇರಿದ ತಳಿ ತೆಗೆಯಬೇಕೆಂಬುದು ಆಶಾರಾಣಿಯ ಹಟ. ತೊಡಕೆಂದರೆ, ಎಳ್ಳುಕಾಳಿಗಿಂತ ಚಿಕ್ಕದಾದ ರಾಗಿ ಹೂವು ಅರಳುವ ಮೊದಲೇ ಒಳಗೊಳಗೇ ತನ್ನ ಮದುವೆ ತಾನೇ ಮುಗಿಸಿಕೊಂಡಿರುತ್ತದೆ. ಅದನ್ನು ತಡೆಯಲು ಹಸಿರು ತೆನೆಯನ್ನು ಬಿಸಿನೀರಿನಲ್ಲಿ ಅದ್ದಿ, ಅದರ ಪರಾಗ ಸಾಯಿಸಿ, ನೇರಳೆ ತೆನೆಯನ್ನು ಪಕ್ಕಕ್ಕೆ ಕಟ್ಟಬೇಕು.

ಎರಡು ವರ್ಷ ಏನೂ ಆಗಲಿಲ್ಲ. ನಾಲ್ಕನೇ ವರ್ಷಕ್ಕೆ ಹಣ ಕೇಳಬೇಡಿ ಎಂದು ಮೇಲಿನ ಕಚೇರಿ ಮೊದಲೇ ಬರೆದಿತ್ತು. ಮೂರನೇ ವರ್ಷ, ಹಸಿರು ತಾಯಿಯ ಬೀಜದಿಂದ ಎದ್ದ ಇನ್ನೂರು ಚಿಲ್ಲರೆ ಪೈರಿನಲ್ಲಿ ಹನ್ನೊಂದರ ಗಿಣ್ಣು ನೇರಳೆಗೆ ತಿರುಗಿತು. ಹಸಿರು ತಾಯಿಗೆ ನೇರಳೆ ಗಿಣ್ಣಿನ ಮಗು ಹುಟ್ಟಿತೆಂದರೆ ತಂದೆ ಯಾರೆಂದು ವಿಚಾರಿಸುವ ಅಗತ್ಯವಿಲ್ಲ.

ಆಶಾರಾಣಿ ಶುಕ್ರವಾರ ಅವನ್ನು ಮೂರು ಸಲ ಎಣಿಸಿ, ತಾಕಿನ ದಾಖಲೆ ನೋಡಿಕೊಳ್ಳುವ ಪಾರ್ಥಸಾರಥಿಯ ಬಳಿ ಗುರುತಿಗೆಂದು ಹನ್ನೊಂದು ಗೂಟ ಕೇಳಿದಳು.

“ಬಿಡಿಯಾಗಿ ಕೊಡೋಕೆ ಬರಲ್ಲ ಮೇಡಂ. ನೂರರ ಕಟ್ಟಿಗೆ ಬೇಡಿಕೆ ಪತ್ರ ಬರೀಬೇಕು. ಸೋಮವಾರ ಬರುತ್ತೆ, ಬಣ್ಣ ಸಮೇತ.”

ಶನಿವಾರ ಅರಸೀಕೆರೆಯಲ್ಲಿ ಸಭೆ. ಬಸ್ಸಿಗೆ ಓಡುತ್ತಲೇ ಆಶಾರಾಣಿ ಹೇಳಿದಳು: “ಸಣ್ಣತಾಯಮ್ನೋರೆ, ಬುಧವಾರ ಮೇಲಿನೋರು ನೋಡೋಕೆ ಬರ್ತಾರೆ. ಬೇರೆ ಥರದ್ದು ಒಂದು ಗಿಡನೂ ಕಾಣಬಾರದು.”

ಸೋಮವಾರ ಗೂಟಗಳು ಬಂದವು, ಬಣ್ಣ ಸಮೇತ. ಹನ್ನೊಂದು ಗಿಡಗಳು ಇರಲಿಲ್ಲ. ಕಿತ್ತ ಜಾಗದಲ್ಲಿ ಕುಳಿಯೂ ಕಾಣದಂತೆ ಮಣ್ಣು ತಟ್ಟಿತ್ತು. ಸಣ್ಣತಾಯಮ್ಮನ ಕೆಲಸದ ಅಚ್ಚುಕಟ್ಟು ಅಂಥದ್ದು.

“ಇಲ್ಲಿ ನೇರಳೆ ಗಿಣ್ಣಿನ ಪೈರಿತ್ತಲ್ಲ...”

“ಅವಾ? ಕಿತ್ತೆ ಕಣವ್ವ. ಬೆರಕೆ ಪೈರು. ಒಟ್ಟು ಹನ್ನೊಂದಿದ್ವು. ಒಂದಾರೂ ಉಳ್ದೈತಾ ನೋಡಿ?”

ಆಶಾರಾಣಿ ನೋಡಲಿಲ್ಲ. ಬದುವಿನ ಮೇಲೆ ಕುಳಿತುಬಿಟ್ಟಳು. ಪಾರ್ಥಸಾರಥಿ ನೂರು ಗೂಟಗಳನ್ನು ಎದೆಗವುಚಿಕೊಂಡು, ಇವನ್ನು ವಾಪಸು ಮಾಡಲು ಯಾವ ನಮೂನೆ ತುಂಬಬೇಕೆಂದು ಯೋಚಿಸುತ್ತ ನಿಂತ.

“ಆ ಬೆರಕೆಗೇ ಮೂರು ವರ್ಷದಿಂದ ಒದ್ದಾಡ್ತಿದ್ದೆ ಅಮ್ಮ” ಎಂದಳು ಆಶಾರಾಣಿ. “ಉಳಿದದ್ದೆಲ್ಲ ಬರೀ ತಾಯಿ ರಾಗಿ. ಅದು ಯಾರ ಹೊಲದಲ್ಲಾದ್ರೂ ಸಿಗುತ್ತೆ.”

ಸಣ್ಣತಾಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಪಾರ್ಥಸಾರಥಿಯತ್ತ ಒಮ್ಮೆ ನೋಡಿ ದನಿ ತಗ್ಗಿಸಿದಳು. “ಆವಯ್ಯನ್ನ ಒಸಿ ಅತ್ಲಾಗೆ ಕಳ್ಸಿ. ಒಂದ್ ಮಾತೈತೆ.”

ತಾಕಿನಿಂದ ಒಂದು ಗರಿ ಹುಲ್ಲೂ ಹೊರಗೆ ಹೋಗಕೂಡದೆಂದು ಗೇಟಿನ ಮೇಲೆ ಫಲಕ ಬರೆಸಿದವನು ಪಾರ್ಥಸಾರಥಿಯೇ. ಅವನು ನೀರು ಕುಡಿಯಲು ಹೋದ ಮೇಲೆ ಸಣ್ಣತಾಯಮ್ಮ ಬಾಯಿ ಬಿಟ್ಟಳು.

“ಕಳೆ ಆದ್ರೆ ಬದಿನ ಮ್ಯಾಲೆ ಎಸೀತೀನಿ. ಬೇರಿರೋ ರಾಗಿ ಪೈರ್ನ ಒಣಗಾಕಿ ನಂಗೆ ಅಭ್ಯಾಸ ಇಲ್ಲ. ನಮ್ಮವ್ವ ಕಲಿಸಿದ್ದು. ಬೆರಕೆ ಆದ್ರೂ ರಾಗೀನೆ ಅಲ್ವಾ? ಒದ್ದೆ ಬಟ್ಟೇಲಿ ಸುತ್ಕೊಂಡೋಗಿ ಬಚ್ಚಲ ನೀರು ಹರಿಯೋ ತಾವ ನೆಟ್ಟಿವ್ನಿ. ನನ್ ಕೆಲ್ಸ ಕಳೀಬೇಡಿ.”

ಆಶಾರಾಣಿ ಎದ್ದ ರಭಸಕ್ಕೆ ಚಪ್ಪಲಿ ಒಂದು ಬದುವಿನ ಮೇಲೇ ಉಳಿಯಿತು.

ಸಣ್ಣತಾಯಮ್ಮನ ಹಿತ್ತಿಲಲ್ಲಿ, ದಂಟಿನ ಸೊಪ್ಪಿಗೂ ಅವರೆ ಬಳ್ಳಿಗೂ ನಡುವೆ ಒಂಬತ್ತು ಗಿಡಗಳು ನೆಟ್ಟಗೆ ನಿಂತಿದ್ದವು. ಎರಡನ್ನು ಮೇಕೆ ತಿಂದಿತ್ತು. ಮೂರು ವರ್ಷದ ಸಂಶೋಧನೆಯ ಐದನೇ ಒಂದು ಪಾಲನ್ನು ಅರಗಿಸಿಕೊಂಡ ಆ ಮೇಕೆ ಏನೂ ಆಗದಂತೆ ಮೆಲುಕು ಹಾಕುತ್ತಿತ್ತು.

“ಒಂಬತ್ತು ಸಾಕಾ?” ಎಂದಳು ಸಣ್ಣತಾಯಮ್ಮ.

“ಒಂದಿದ್ರೂ ಸಾಕು ಅಮ್ಮ. ಒಂದು ಗಿಡದ ತೆನೇಲಿ ಎಷ್ಟು ಕಾಳು!”

ಮತ್ತೆ ಕಿತ್ತರೆ ಬದುಕುವ ಭರವಸೆಯಿಲ್ಲ. ಹೀಗಾಗಿ ಗಿಡಗಳು ತಾಕಿಗೆ ಬರಲಿಲ್ಲ, ತಾಕೇ ಗಿಡಗಳ ಬಳಿಗೆ ಹೋಯಿತು. ಪಾರ್ಥಸಾರಥಿ ಎರಡು ದಿನ ಮುನಿಸಿಕೊಂಡಿದ್ದು, ಗೂಟ ಆ ಶುಕ್ರವಾರವೇ ಕೊಟ್ಟಿದ್ದರೆ ಇದಾವುದೂ ಆಗುತ್ತಿರಲಿಲ್ಲವೆಂದು ಆಶಾರಾಣಿ ನೆನಪಿಸಿದ ಮೇಲೆ ದಾಖಲೆ ಪುಸ್ತಕದಲ್ಲಿ ಹೀಗೆ ಬರೆದ: ‘ತಾಕು ಸಂಖ್ಯೆ ಏಳು, ಬಚ್ಚಲು ವಿಭಾಗ.’ ಬುಧವಾರ ಮೇಲಿನ ಕಚೇರಿಯ ಹಿರಿಯ ವಿಜ್ಞಾನಿಗಳು ಮೂವರು ಸಾಲಾಗಿ ಆ ವಿಭಾಗಕ್ಕೆ ಬಂದರು. ಒಬ್ಬರು ಗೊಬ್ಬರ ಏನು ಹಾಕಿದ್ದೀರಿ ಎಂದು ಗಂಭೀರವಾಗಿ ಕೇಳಿದರು. ಸಣ್ಣತಾಯಮ್ಮ ಹೇಳಿದಳು. ಅವರು ಬರೆದುಕೊಳ್ಳಲಿಲ್ಲ. ನಾಲ್ಕನೇ ವರ್ಷಕ್ಕೆ ಮಾತ್ರ ಒಪ್ಪಿದರು.

ಮುಂದಿನ ಮುಂಗಾರಿನಲ್ಲಿ ಆ ಒಂಬತ್ತರ ಬೀಜವನ್ನು ತಾಕಿನ ತುಂಬ ಬೆಳೆಸಿದರು. ಈ ಸಲ ಎಲ್ಲ ಥರದವೂ ಬಂದವು: ಉದ್ದ, ಗಿಡ್ಡ, ಮುಷ್ಟಿ ಕಟ್ಟಿದ ತೆನೆ, ಬೆರಳು ಚಾಚಿದ ತೆನೆ. ನೇರಳೆ ಗಿಣ್ಣಿನವೇ ಹೆಚ್ಚು. ಆದರೆ ಸುಮಾರು ನಾಲ್ಕಕ್ಕೊಂದರಂತೆ ಹಸಿರು ಗಿಣ್ಣು ಮರಳಿ ಬಂದಿತ್ತು.

“ಹಸಿರು ಎಲ್ಲೂ ಹೋಗಿರ್ಲಿಲ್ಲ ಅಮ್ಮ. ಹೋದ ವರ್ಷ ಒಳಗೇ ಅಡಗಿತ್ತು, ಅಷ್ಟೆ” ಎಂದು ಆಶಾರಾಣಿ ವಿವರಿಸಲು ಹೊರಟಳು.

“ಅದೇನ್ ದೊಡ್ ಇದ್ಯೆ ಬುಡಿ. ನಮ್ಮತ್ತೆ ಮೂಗು ನನ್ ಮಗಂಗೆ ಬರ್ಲಿಲ್ಲ, ಮುದುಕಿ ಜೊತೇಲೇ ಹೋಯ್ತು ಅಂತ ನೆಮ್ಮದಿಯಾಗಿದ್ದೆ. ಈಗ ಮೊಮ್ಮಗಳ ಮೊಕದ್ ಮ್ಯಾಲೆ ಕುಂತೈತೆ.”

ಆಶಾರಾಣಿ ಉಳಿದಿದ್ದ ಗೂಟಗಳ ಕಟ್ಟನ್ನು ಅವಳ ಕೈಗಿತ್ತಳು. “ಈ ಸಲ ನೀವೂ ಆರಿಸಿ. ಚೆನ್ನಾಗಿರೋದು ಕಂಡ ಕಡೆ ಒಂದೊಂದು ನೆಡಿ.”

ಸಣ್ಣತಾಯಮ್ಮ ತಾಕಿಗೆ ಇಳಿಯುವ ಮೊದಲು ನಿಂತಳು. “ಕೀಳೋದಾ, ಬುಡೋದಾ? ಈಗ್ಲೇ ಸರಿಯಾಗಿ ಯೋಳ್ಬುಡಿ.”

“ಬಿಡೋದು.”

ಸಣ್ಣತಾಯಮ್ಮ ನಾಲ್ಕು ಸಾಲು ನಡೆದು, ಒಂದು ಗಿಡ್ಡ ಗಿಡದ ಕಾಂಡವನ್ನು ಬಗ್ಗಿಸಿ ಬಿಟ್ಟಳು. ಅದು ಚಿಮ್ಮಿ ನೆಟ್ಟಗಾಯಿತು. ಎಲೆ ತಿರುವಿ ನೋಡಿದಳು, ರೋಗದ ಒಂದು ಚುಕ್ಕೆಯೂ ಇರಲಿಲ್ಲ. ತೆನೆಯಿಂದ ನಾಲ್ಕು ಕಾಳು ಉದುರಿಸಿ ಬಾಯಿಗೆ ಹಾಕಿಕೊಂಡಳು. ಮೊದಲ ಗೂಟ ಅಲ್ಲಿ ಇಳಿಯಿತು.

ಪಾರ್ಥಸಾರಥಿ ಪುಸ್ತಕ ತೆರೆದ. “ಆಯ್ಕೆಗೆ ಕಾರಣ?”

“ಮುದ್ದೆ ಆಗೋ ಮೊಕ ಐತೆ. ಬರ್ಕೊಳಿ ಸಾಮಿ.”

ಅವನು ಆಶಾರಾಣಿಯತ್ತ ನೋಡಿದ. ಅವಳು ತಲೆಯಾಡಿಸಿದಳು. ಅವನು ಬರೆದುಕೊಂಡ.